ಅನಾನಸಿಗೆ ಪೊಟಾಷ್: ಎಷ್ಟು, ಯಾವಾಗ, ಎಲ್ಲಿಗೆ? (ಪ್ರಶ್ನೋತ್ತರ)

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದವರ ಮೊಬೈಲ್ ಗುಂಪು. ಏಪ್ರಿಲ್ ತಿಂಗಳು. ಉತ್ತರ ಕೊಡುವವರು ತೋಟಗಾರಿಕೆ ತಜ್ಞೆ. ಪ್ರಶ್ನೆ ಕೇಳಿದವರ ಊರು ಮಾತ್ರ ಹಾಕಿದೆ.

ಮುಳ್ಳೇರಿಯ: ನಮಸ್ಕಾರ ಮೇಡಂ. ತೆಂಗಿನ ಎಡೆಯಲ್ಲಿ ಮೌರಿಷಸ್ ಜಾತಿ ಹಾಕಿದ್ದೇನೆ. ಗಿಡಕ್ಕೆ ಪೊಟಾಷ್ ಎಷ್ಟು?

ತಜ್ಞೆ: ನಮಸ್ಕಾರ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಗಿಡವೊಂದಕ್ಕೆ ವರ್ಷಕ್ಕೆ ಸಾರಜನಕ 8 ಗ್ರಾಂ, ರಂಜಕ 4 ಗ್ರಾಂ, ಪೊಟಾಷ್ 8 ಗ್ರಾಂ. ಇದು ಪೋಷಕಾಂಶದ ತೂಕ, ಗೋಣಿಯಲ್ಲಿರುವ ಗೊಬ್ಬರದ ತೂಕ ಅಲ್ಲ. ಸಾವಿರ ಗಿಡಕ್ಕೆ ಲೆಕ್ಕ ಹಾಕಿದರೆ ಯೂರಿಯಾ ಹದಿನೇಳೂವರೆ ಕಿಲೋ, ರಾಜ್‌ಫಾಸ್ (ರಂಜಕದ ಗೊಬ್ಬರ) 20 ಕಿಲೋ, ಎಂಒಪಿ (ಮ್ಯೂರಿಯೇಟ್ ಆಫ್ ಪೊಟಾಷ್, ಅಂಗಡಿಯ ಪೊಟಾಷ್ ಗೊಬ್ಬರ) ಹದಿಮೂರೂಕಾಲು ಕಿಲೋ. ರಾಜ್‌ಫಾಸ್ ಪೂರ್ತಿ ನೆಡುವಾಗಲೇ ಹಾಕಿ. ಯೂರಿಯಾ, ಪೊಟಾಷ್ ನಾಲ್ಕು ಕಂತು: ನೆಡುವಾಗ, ಮೇ-ಜೂನ್, ಆಗಸ್ಟ್-ಸೆಪ್ಟೆಂಬರ್, ನವೆಂಬರ್. ಒಂದು ಕಂತಿಗೆ ಗಿಡಕ್ಕೆ ಎಂಒಪಿ ಬರುವುದು ಮೂರೂಕಾಲು ಗ್ರಾಂ ಮಾತ್ರ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಪೊಟಾಷ್ ನಿಲ್ಲುವುದಿಲ್ಲ, ಜಡಿಮಳೆಯಲ್ಲಿ ಸುರಿದರೆ ತೋಡಿಗೆ ಹೋಗ್ತದೆ. ಕಂತು ಮಾಡುವುದು ಅದಕ್ಕೇ.

ಕುಂಬಳೆ: ತೆಂಗಿಗೆ ಹಾಕಿದ ಪೊಟಾಷ್ ಸಾಲದಾ?

ತಜ್ಞೆ: ಸಾಲದು. ಅದು ಬೀಳುವುದು ತೆಂಗಿನ ಬುಡದ ಕಟ್ಟೆಯೊಳಗೆ, ಎರಡು ಮೀಟರಿನ ಸುತ್ತಿನಲ್ಲಿ. ಅನಾನಸು ಇರಬೇಕಾದ್ದು ಅದರ ಹೊರಗೆ. ಇದರ ಬೇರು ಮೇಲ್ಮಣ್ಣಲ್ಲೇ ಇರ್ತದೆ, ಅಷ್ಟು ದೂರ ಹೋಗಿ ತಿನ್ನುವುದಿಲ್ಲ.

ಬಾಯಾರು: ಮೇಡಂ, ಮೂರು ಫೋಟೋ ಹಾಕಿದ್ದೇನೆ. 300 ಗಿಡ, ಎಂಟು ತಿಂಗಳು. ಎಲೆ ತುದಿ ಸುಟ್ಟ ಹಾಗೆ ಒಣಗ್ತಾ ಬರ್ತಿದೆ, ಅಂಚು ಕೆಂಪು. ಹೋದ ಬೆಳೆಯಲ್ಲಿ ಕಾಯಿಯೆಲ್ಲ ವಾಲಿ ಬಿಸಿಲಿಗೆ ಬೆಂದಿತ್ತು. ಪೊಟಾಷ್ ಕಡಿಮೆ ಅಂತ ಇಲ್ಲಿಯೇ ಬಂದ ಮೆಸೇಜು ನೋಡಿ ಫೆಬ್ರವರಿಯಿಂದ ಮೂರು ಸಲ ಮುಷ್ಟಿಯಷ್ಟು ಹಾಕಿದೆ. ಇನ್ನೊಂದು ಸಲ ಹಾಕ್ಲಾ?

ತಜ್ಞೆ: ಹಾಕಬೇಡಿ. ಮೊದಲು ಇಷ್ಟು ನೋಡಿ ಹೇಳಿ. ಒಂದು, ಸುಳಿ ಎಲೆ ಹಿಡಿದು ಮೆಲ್ಲ ಎಳೆಯಿರಿ. ಕಳಚಿ ಬಂದು ಬುಡ ನಾರಿದರೆ ಅದು ಸುಳಿಕೊಳೆ. ಎರಡು, ಗಿಡದ ಬುಡದಲ್ಲಿ ಬಿಳಿ ಹಿಟ್ಟು ತಿಗಣೆ, ಇರುವೆ ಸಾಲು ಉಂಟಾ? ಇದ್ದು ಎಲೆ ಕೆಂಪಾಗಿ ತುದಿ ಕೆಳಕ್ಕೆ ಸುರುಳಿದರೆ ಅದು ಬಾಡುವ ರೋಗ, ಗೊಬ್ಬರದಿಂದ ಹೋಗುವುದಿಲ್ಲ. ಮೂರು, ಒಂದು ಗಿಡ ಕಿತ್ತು ಬೇರಿನ ತುದಿ ನೋಡಿ. ಪೊಟಾಷ್ ಬಿದ್ದದ್ದು ಬುಡಕ್ಕಾ, ಎಲೆಯ ಕಂಕುಳಿಗಾ (ಎಲೆ ಬುಡದ ಸಂದು), ಸುಳಿಗಾ?

ಪೆರ್ಲ: ಪೊಟಾಷ್ ಗಿಡಕ್ಕೆ ಎಷ್ಟು ಗ್ರಾಂ ಮೇಡಂ?

ತಜ್ಞೆ: ಮೇಲೆ ಬರೆದಿದ್ದೇನೆ.

ಪೈವಳಿಕೆ: ರಾಸಾಯನಿಕ ಯಾಕೆ? ಈ ಮೆಸೇಜು ನೋಡಿ: ‘ಸುಳಿಗೆ ಒಂದು ಹಿಡಿ ಬೂದಿ, ಒಂದು ಚಮಚ ಉಪ್ಪು, ಹದಿನೈದು ದಿನಕ್ಕೊಮ್ಮೆ. ಕಾಯಿ ಎರಡು ಪಟ್ಟು.’

ತಜ್ಞೆ: ಇದನ್ನು ಯಾರೂ ಮಾಡಬೇಡಿ. ಸುಳಿಯೆಂದರೆ ಎಳೆ ಎಲೆಯೂ ಮುಂದೆ ಹೂವೂ ಹುಟ್ಟುವ ಜಾಗ. ಬೂದಿ ಕ್ಷಾರ, ಅಲ್ಲಿ ಬಿದ್ದರೆ ಸುಡುತ್ತದೆ. ಉಪ್ಪಿನಲ್ಲಿ ಪೊಟಾಷೇ ಇಲ್ಲ, ಇರುವುದು ಸೋಡಿಯಂ ಮತ್ತು ಕ್ಲೋರೈಡ್. ಬೂದಿಯಲ್ಲಿ ಪೊಟಾಷ್ ಉಂಟು, ಆದರೆ ಅದಕ್ಕಿಂತ ಎಷ್ಟೋ ಹೆಚ್ಚು ಸುಣ್ಣ ಉಂಟು. ಅನಾನಸು ಹುಳಿಮಣ್ಣಿನ ಗಿಡ, ಪಿಎಚ್ (ಮಣ್ಣಿನ ಹುಳಿಯ ಅಳತೆ) 4.5ರಿಂದ 5.5 ಅದಕ್ಕೆ ಹಿತ. ಸುಣ್ಣ ಏರಿದರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿ ಆಗ್ತದೆ, ಸುಳಿಕೊಳೆಗೂ ದಾರಿ. ಬೂದಿ, ಯೂರಿಯಾ ಒಟ್ಟಿಗೆ ಬೆರೆಸಿದರೆ ಮೂಗಿಗೆ ಹೊಡೆಯುವ ವಾಸನೆ ಬರ್ತದಲ್ಲ, ನಿಮ್ಮ ಸಾರಜನಕ ಗಾಳಿಗೆ ಹೋಗುವುದು ಅದು.

ಪೈವಳಿಕೆ: ಹಿಂದಿನವರು ಬೂದಿ ಹಾಕಿಯೇ ಬೆಳೆದದ್ದು.

ಕುಂಬಳೆ: ಹಿಂದಿನವರು ಗುಡ್ಡೆ ಬದಿಯಲ್ಲಿ ಹತ್ತು ಗಿಡ ಬೆಳೆದದ್ದು ಮಾರಾಯ್ರೆ. ಸಾವಿರ ಗಿಡಕ್ಕೆ ಬೂದಿ ಎಲ್ಲಿಂದ ತರ್ತೀರಿ?

ಪೈವಳಿಕೆ: ನೀವು ಗೊಬ್ಬರದಂಗಡಿಯವರ ಪರ ಮಾತಾಡುವುದು ಯಾಕೆ?

ಕುಂಬಳೆ: ಬಾಯಾರಿನವರ ಫೋಟೋ ನೋಡಿ ಮಾತಾಡಿ. ನಿಮ್ಮ ಮೆಸೇಜು ನಂಬಿಯೇ ಅವರ ಗಿಡ ಒಣಗಿದ್ದು.

ಪೈವಳಿಕೆ: ಆ ಮೆಸೇಜು ನಾನು ಹಾಕಿದ್ದಲ್ಲ. ಬಾಯಿಗೆ ಬಂದದ್ದು ಹೇಳ್ಬೇಡಿ.

ಅಡೂರು: ಮೌರಿಷಸ್ ಕಂದು (ನೆಡುವ ಮರಿಗಿಡ) ಒಂದು ಸಾವಿರ ಬೇಕಿತ್ತು, ಎಲ್ಲಿ ಸಿಗ್ತದೆ?

ಬಾಯಾರು: ಮೇಡಂ, ನೋಡಿದೆ. ಸುಳಿ ಗಟ್ಟಿ ಉಂಟು. ಇರುವೆ, ತಿಗಣೆ ಇಲ್ಲ. ಬೇರಿನ ತುದಿ ಕಪ್ಪು. ಗೊಬ್ಬರ ಕೆಳಗಿನ ಎಲೆಯ ಕಂಕುಳಿಗೆ ಹಾಕಿದ್ದು, ಕೆಂಪು ಹರಳು ಇನ್ನೂ ಅಲ್ಲೇ ಉಂಟು. ಅದರಡಿ ಎಲೆ ಬೆಂದ ಹಾಗೆ ಕಂದು.

ತಜ್ಞೆ: ಹಾಗಾದರೆ ಇದು ಗೊಬ್ಬರದ ಸುಡುವಿಕೆ. ಕಂಕುಳಿಗೆ ಹಾಕುವ ಕ್ರಮ ತಪ್ಪಲ್ಲ, ಅಲ್ಲಿಯ ಬೇರುಗಳೂ ಹೀರುತ್ತವೆ. ತಪ್ಪಿದ್ದು ಅಳತೆ. ಮುಷ್ಟಿಗೆ 50 ಗ್ರಾಂ ಹಿಡಿದರೂ ಮೂರು ಸಲಕ್ಕೆ 150 ಗ್ರಾಂ. ವರ್ಷಕ್ಕೆ ಬೇಕಾದ್ದು ಹದಿಮೂರೂಕಾಲು ಗ್ರಾಂ, ನೀವು ಮೂರು ತಿಂಗಳಲ್ಲಿ ಅದರ ಹನ್ನೊಂದು ಪಟ್ಟು ಕೊಟ್ಟಿದ್ದೀರಿ. ಎಂಒಪಿಯ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡ್. ಮಳೆ ಇಲ್ಲದ ಬಿಸಿಲಲ್ಲಿ ಅದು ಕರಗಿ ಹೋಗದೆ ಬೇರಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ.

ಇವತ್ತೇ ಕಂಕುಳಿನ ಹರಳನ್ನು ಕಡ್ಡಿಯಲ್ಲಿ ಕೆದಕಿ ತೆಗೆಯಿರಿ. ತೊಳೆದ ನೀರು ಸುಳಿಗೆ ಹೋಗದ ಹಾಗೆ ಪೈಪನ್ನು ಕೆಳಗಿಂದ ಹಿಡಿಯಿರಿ. ಮತ್ತೆ ದಿನ ಬಿಟ್ಟು ದಿನ ಬುಡಕ್ಕೆ ಐದಾರು ಲೀಟರ್, ಮೂರ್ನಾಲ್ಕು ಸಲ. ನೀರು ಇಳಿದು ಹೋಗಬೇಕು, ನಿಂತರೆ ಇದ್ದ ಬೇರೂ ಕೊಳೆಯುತ್ತದೆ. ಪೊಟಾಷ್ ಅತಿಯಾದರೆ ಗಿಡಕ್ಕೆ ಮೆಗ್ನೀಸಿಯಂ ಸಿಗುವುದಿಲ್ಲ. ಹಳೆ ಎಲೆ ಹಳದಿಯಾಗಿ, ಮೇಲಿನ ಎಲೆಯ ನೆರಳು ಬಿದ್ದ ಭಾಗ ಮಾತ್ರ ಹಸಿರು ಉಳಿದರೆ ನೂರು ಲೀಟರಿಗೆ ಒಂದು ಕಿಲೋ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ಸಂಜೆ ಸಿಂಪಡಿಸಿ. ಈ ವರ್ಷ ಪೊಟಾಷ್ ಬೇಡವೇ ಬೇಡ.

ಹೋದ ಬೆಳೆಯ ಕಾಯಿ ವಾಲಿದ್ದಕ್ಕೆ ಯೂರಿಯಾ ಎಷ್ಟು ಹಾಕಿದ್ದಿರಿ?

ಬಾಯಾರು: ಗಿಡಕ್ಕೆ ಸುಮಾರು 40 ಗ್ರಾಂ, ಪೊಟಾಷ್ ಹಾಕಿರಲಿಲ್ಲ. ಎಲೆ ಕಡುಹಸಿರು ಇತ್ತು, ಜುಟ್ಟು ದೊಡ್ಡ.

ತಜ್ಞೆ: ಅದು ನಿಜವಾದ ಪೊಟಾಷ್ ಕೊರತೆ. ಸಾರಜನಕ ಹೆಚ್ಚು, ಪೊಟಾಷ್ ಇಲ್ಲ ಅಂದರೆ ಕಾಯಿ ಹೊರುವ ದಂಟು ಸಪೂರ. ಹಣ್ಣಿಗೆ ಹುಳಿಯೂ ಪರಿಮಳವೂ ಕಡಿಮೆ. ಆಗ ಬೇಕಿದ್ದ ಔಷಧ ಈಗಿನ ಗಿಡಕ್ಕೆ ಬಿತ್ತು. ಮುಂದಿನ ಸಲ ಹೂ ಬರುವ ಮೊದಲೇ ಕಂತು ಮುಗಿಸಿ. ಕಾಯಿ ನಿಂತ ಮೇಲೆ ಸುರಿದದ್ದು ಆ ದಂಟಿಗೆ ಬಲ ಕೊಡುವುದಿಲ್ಲ.

ಎಣ್ಮಕಜೆ: ಪೊಟಾಷ್ ಹಾಕಿದ್ರೆ ಬೇಗ ಹೂ ಬರ್ತದಂತೆ?

ತಜ್ಞೆ: ಇಲ್ಲ. ಹೂವಿಗೆ ಎಥ್ರೆಲ್ (ಹೂ ಬರಿಸುವ ಔಷಧ). 39ರಿಂದ 42 ಎಲೆ ಆದ ಮೇಲೆ, 50 ಲೀಟರ್ ನೀರಿಗೆ 39 ಶೇಕಡಾದ ಎಥ್ರೆಲ್ 3.2 ಮಿಲಿ, ಯೂರಿಯಾ 1 ಕಿಲೋ, ಕ್ಯಾಲ್ಸಿಯಂ ಕಾರ್ಬೊನೇಟ್ 20 ಗ್ರಾಂ. ಗಿಡದ ಸುಳಿಗೆ 50 ಮಿಲಿ. ಸುಳಿಗೆ ಹೋಗುವುದು ಇದೊಂದೇ.

ಪೆರ್ಲ: ಒಟ್ಟು ಎಷ್ಟು ಗ್ರಾಂ ಅಂತ ಒಂದೇ ಸಾಲಲ್ಲಿ ಹೇಳಿದ್ರೆ ಆಗ್ತಿತ್ತು.

ತಜ್ಞೆ: ಎಂಒಪಿ ಕಂತಿಗೆ ಮೂರೂಕಾಲು ಗ್ರಾಂ. ತಕ್ಕಡಿಯಲ್ಲಿ ತೂಗಿ, ಆ ತೂಕ ಹಿಡಿಯುವ ಒಂದು ಮುಚ್ಚಳ ಗುರ್ತು ಮಾಡಿಟ್ಟುಕೊಳ್ಳಿ. ಕೈಯಳತೆ ಬೇಡ.

ಪೈವಳಿಕೆ: ಬೂದಿ ಬುಡಕ್ಕೆ ಸ್ವಲ್ಪ ಹಾಕಿದ್ರೂ ತಪ್ಪಾ?

ಕುಂಬಳೆ: ಮತ್ತೆ ಅದೇ.

ತಜ್ಞೆ: ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ ಎಷ್ಟಿದೆ ನೋಡಿ ಹಾಕಿ. ಚೀಟಿ ಇಲ್ಲದೆ ನನ್ನನ್ನು ಕೇಳಬೇಡಿ. ಬಾಯಾರಿನವರೆ, ಹತ್ತು ದಿನ ಬಿಟ್ಟು ಇನ್ನೊಂದು ಗಿಡ ಕಿತ್ತು ಬೇರಿನ ಫೋಟೋ ಹಾಕಿ. ಬಿಳಿ ತುದಿ ಕಂಡರೆ ನೀರು ಕಡಿಮೆ ಮಾಡಬಹುದು.