ಹತ್ತು ಸಾವಿರ ಡಾಲರಿನ ಪಾನಕ

ಟೆಕ್ಸಸ್ ರಾಜ್ಯದ ಡಲ್ಲಾಸಿಗೆ ಉತ್ತರದಲ್ಲಿರುವ ಫ್ರಿಸ್ಕೋ ಊರಿನಲ್ಲಿ ರಾಯರ ಮನೆಯಿದೆ. ಆ ಮನೆಗೆ ಒಂದು ಚಾವಣಿಯೂ ಇದೆ ಎಂಬುದು ಹದಿನಾಲ್ಕು ವರ್ಷಗಳಲ್ಲಿ ನಮಗಾಗಲಿ ರಾಯರಿಗಾಗಲಿ ಎಂದೂ ಹೊಳೆದಿರಲಿಲ್ಲ. ಅಡುಗೆಮನೆಯ ಗ್ರಾನೈಟು, ಚಳಿಗಾಲದಲ್ಲಿ ಒಳಕ್ಕೂ ಬೇಸಿಗೆಯಲ್ಲಿ ಹೊರಕ್ಕೂ ಪ್ರಯಾಣ ಮಾಡುವ ಕರಿಬೇವಿನ ಕುಂಡ, ದೇವರಮನೆಯಾಗಿ ಬಡ್ತಿ ಪಡೆದ ಕ್ಲಾಸೆಟ್ಟು, ಇವುಗಳ ಬಗ್ಗೆ ನಮ್ಮ ಶನಿವಾರದ ಕೂಟದಲ್ಲಿ ಗಂಟೆಗಟ್ಟಲೆ ಚರ್ಚೆ ನಡೆದಿತ್ತೇ ಹೊರತು, ತಲೆಯ ಮೇಲಿನ ಸೂರನ್ನು ಯಾರೂ ತಲೆಯೆತ್ತಿ ನೋಡಿರಲಿಲ್ಲ. ರಾಮನವಮಿಗೆ ನಾಲ್ಕು ದಿನವಿರುವಾಗ ಆಲಿಕಲ್ಲು ಮಳೆ ಬಿತ್ತು. ಅಂದಿನಿಂದ ನಮಗೆ ಬೇರೆ ಮಾತೇ ಇಲ್ಲ.

ಮೊನ್ನೆ ಗೌಡರು, ಶೆಟ್ಟರು, ಪಾಟೀಲರು ಮತ್ತು ನಾನು ಸೇರಿದ್ದಾಗ, ರಾಯರು ಮೆಣಸಿನಕಾಯಿ ಬಜ್ಜಿಯ ತಟ್ಟೆಯ ಪಕ್ಕದಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ಬಂದ ಚೆಕ್ಕೊಂದನ್ನು ಇಟ್ಟು, ರಕ್ತಪರೀಕ್ಷೆಯ ವರದಿಯನ್ನು ಡಾಕ್ಟರ ಮೇಜಿನ ಮೇಲಿಟ್ಟವರ ಹಾಗೆ ನಮ್ಮ ಮುಖಗಳನ್ನೇ ನೋಡುತ್ತ ಕುಳಿತರು.

“2,000 ಡಾಲರು,” ಎಂದು ಗೌಡರು ಓದಿದರು. “ನೀವು ಪುಣ್ಯವಂತರು ರಾಯರೇ. ನಮಗೆ ಅದೂ ಬರಲಿಲ್ಲ.”

“ಚಾವಣಿ ಬದಲಾಯಿಸಲು 19,200 ಡಾಲರು ಆಗುತ್ತದೆಂದು ಅವರೇ ಬರೆದುಕೊಟ್ಟಿದ್ದಾರೆ,” ಎಂದರು ರಾಯರು.

ಗೌಡರು ಕಚ್ಚಬೇಕೆಂದಿದ್ದ ಬಜ್ಜಿಯನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡರು.

ಇಲ್ಲಿ ಆಲಿಕಲ್ಲಿನ ವಿಚಾರವಾಗಿ ಒಂದು ಮಾತು ಹೇಳಬೇಕು. ನಮ್ಮೂರುಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಆಲಿಕಲ್ಲು ಬಿದ್ದರೆ ಮಕ್ಕಳು ಪಾತ್ರೆ ಹಿಡಿದು ಅಂಗಳಕ್ಕೆ ಓಡುತ್ತಿದ್ದರು. ಆರಿಸಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಹಿರಿಯರು ಗದರುತ್ತಿದ್ದರು. ಹಬ್ಬ ಅಲ್ಲಿಗೆ ಮುಗಿಯುತ್ತಿತ್ತು. ಟೆಕ್ಸಸ್ಸಿನ ಆಲಿಕಲ್ಲಿಗೆ ಅಂತಹ ಬಾಲಲೀಲೆ ಗೊತ್ತಿಲ್ಲ. ಮೆಕ್ಸಿಕೋ ಕೊಲ್ಲಿಯ ತೇವದ ಗಾಳಿಯೂ ಪಶ್ಚಿಮದ ಒಣಗಾಳಿಯೂ ವಸಂತಕಾಲದಲ್ಲಿ ಈ ಬಯಲಿನ ಮೇಲೆ ಎದುರಾಗಿ, ಮೇಲೇಳುವ ಗಾಳಿಯು ಹನಿಗಳನ್ನು ಹಿಮದ ಎತ್ತರಕ್ಕೆ ಒಯ್ದು, ಪದರದ ಮೇಲೆ ಪದರ ಕಟ್ಟಿಸಿ, ಇನ್ನು ಹೊರಲಾರೆನೆಂದಾಗ ನಮ್ಮ ಮೇಲೆ ಕೈಬಿಡುತ್ತದೆ. 1995ರ ಮೇ 5ರಂದು ಫೋರ್ಟ್ ವರ್ತ್ ನಗರದಲ್ಲಿ ಬಯಲಿನಲ್ಲಿ ನಡೆಯುತ್ತಿದ್ದ ಜಾತ್ರೆಯಂಥ ಉತ್ಸವದ ಮೇಲೆಯೇ ಇದು ಸುರಿದು ನೂರಾರು ಜನರ ತಲೆ ಭುಜಗಳಿಗೆ ಪೆಟ್ಟಾಗಿತ್ತು. 2016ರ ಏಪ್ರಿಲ್ 11ರಂದು, ನಮ್ಮಿಂದ ಮುಕ್ಕಾಲು ಗಂಟೆಯ ದಾರಿಯ ವೈಲಿ ಊರಿನಲ್ಲಿ ಬಿದ್ದ ಕಲ್ಲುಗಳು ಚಾವಣಿಯಲ್ಲಿ ತೂತು ಕೊರೆದು ಮಲಗುವ ಕೋಣೆಗಳಿಗೇ ಇಳಿದಿದ್ದವು.

ರಾಯರ ಮನೆಯ ಮೇಲೆ ಬಿದ್ದದ್ದು ಅಷ್ಟು ಪ್ರಚಂಡವಾಗಿರಲಿಲ್ಲ. ಆದರೆ ಎಷ್ಟು ದೊಡ್ಡದಿತ್ತು ಎಂಬುದನ್ನು ಫೋನಿನಲ್ಲಿ ಹೇಳುವುದರಲ್ಲಿಯೇ ಅವರಿಗೆ ಸಾಕುಸಾಕಾಯಿತು. ಈ ದೇಶದಲ್ಲಿ ಆಲಿಕಲ್ಲನ್ನು ಅಳೆಯುವುದು ನಾಣ್ಯಗಳಿಂದ ಮತ್ತು ಚೆಂಡುಗಳಿಂದ: ಕ್ವಾರ್ಟರ್ ನಾಣ್ಯವೆಂದರೆ 1 ಇಂಚು, ಗಾಲ್ಫ್ ಚೆಂಡೆಂದರೆ ಒಂದೂಮುಕ್ಕಾಲು, ಬೇಸ್‌ಬಾಲ್ ಎಂದರೆ ಎರಡೂಮುಕ್ಕಾಲು. ಗಾಲ್ಫ್ ಆಡದ ರಾಯರು, ಕ್ಲೇಮು ಬರೆದುಕೊಳ್ಳುತ್ತಿದ್ದ ಹುಡುಗಿಗೆ ನಿಂಬೆಹಣ್ಣಿನ ಗಾತ್ರವೆಂದು ಹೇಳಿದರು. ಅವಳ ಪಟ್ಟಿಯಲ್ಲಿ ನಿಂಬೆಹಣ್ಣು ಇರಲಿಲ್ಲ. ನಮ್ಮ ಉಪ್ಪಿನಕಾಯಿಯ ನಿಂಬೆಯೇ ಬೇರೆ, ಇಲ್ಲಿನ ಅಂಗಡಿಯ ಹಳದಿ ನಿಂಬೆಯೇ ಬೇರೆ ಎಂದು ರಾಯರು ವಿವರಿಸತೊಡಗಿದಾಗ ಆಕೆ ಬಹಳ ವಿನಯದಿಂದ “ಗಾಲ್ಫ್ ಎಂದು ಬರೆದುಕೊಳ್ಳುತ್ತೇನೆ” ಎಂದಳಂತೆ.

“ಅದಕ್ಕೇ ನಾನು ಸಾಕ್ಷಿ ಇಟ್ಟುಕೊಂಡಿದ್ದೆ,” ಎಂದು ರಾಯರು ನಿಟ್ಟುಸಿರುಬಿಟ್ಟರು. ಅಂದು ರಾತ್ರಿ ಅವರು ಹುಲ್ಲಿನ ಮೇಲಿಂದ ಆರು ಕಲ್ಲುಗಳನ್ನು ಆರಿಸಿ, ಒಂದೊಂದನ್ನೂ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆದು, ಸ್ಟೀಲ್ ಡಬ್ಬಿಗೆ ತುಂಬಿ, ಫ್ರೀಜರಿನಲ್ಲಿ ಕಾಯಿತುರಿಯ ಡಬ್ಬಿಯ ಬದಿಗೆ ಭದ್ರಪಡಿಸಿದ್ದರು. ನಾಲ್ಕನೆಯ ದಿನ ರಾಮನವಮಿ. ಮೂವತ್ತು ಜನರಿಗೆ ಪಾನಕ ಕಲಸುತ್ತಿದ್ದ ಅತ್ತಿಗೆಯವರಿಗೆ ಐಸು ಸಾಲದೆ ಬಂತು. ಬೆಲ್ಲ, ಏಲಕ್ಕಿ, ಮೆಣಸುಗಳ ನಡುವೆ ಆ ಆರೂ ಕಲ್ಲುಗಳು ಸದ್ಗತಿ ಹೊಂದಿದವು. ಅಂದು ಎರಡು ಲೋಟ ಕುಡಿದವರಲ್ಲಿ ನಾನೂ ಒಬ್ಬ.

“ಸೌತ್ ಡಕೋಟಾದ ವಿವಿಯನ್ ಎಂಬಲ್ಲಿ 2010ರಲ್ಲಿ 8 ಇಂಚು ಅಗಲದ ಆಲಿಕಲ್ಲು ಬಿದ್ದಿತ್ತು,” ಎಂದು ಪಾಟೀಲರು ಸಮಾಧಾನ ಹೇಳಿದರು. “ಅಮೆರಿಕದ ದಾಖಲೆಯ ಕಲ್ಲು ಅದು, ತೂಕ ಹೆಚ್ಚುಕಡಿಮೆ 880 ಗ್ರಾಂ. ಅದನ್ನು ಆರಿಸಿದವರ ಮನೆಯಲ್ಲಿಯೂ ಕರೆಂಟು ಹೋಗಿ, ತೂಗುವ ಮೊದಲೇ ಫ್ರೀಜರಿನಲ್ಲಿ ಸ್ವಲ್ಪ ಕರಗಿತ್ತಂತೆ.”

“ಕರಗಿತ್ತು ತಾನೇ? ಅದನ್ನು ಯಾರೂ ಕುಡಿದಿರಲಿಲ್ಲವಲ್ಲ,” ಎಂದರು ರಾಯರು.

ಮಳೆಯ ಮರುದಿನ ಬೆಳಗ್ಗೆ ಎಂಟು ಗಂಟೆಗೇ ಏಣಿ ಹೊತ್ತ ತರುಣನೊಬ್ಬ ಬಂದು ಬಾಗಿಲು ತಟ್ಟಿದ. ಸಂಜೆಯ ಹೊತ್ತಿಗೆ ಅಂತಹ ಹನ್ನೊಂದು ಮಂದಿ ಬಂದಿದ್ದರು. ಇವರಲ್ಲಿ ಊರಿನ ಕಸುಬುದಾರರೂ ಇರುತ್ತಾರೆ, ಮಳೆಯ ಬೆನ್ನುಹತ್ತಿ ರಾಜ್ಯದಿಂದ ರಾಜ್ಯಕ್ಕೆ ಅಲೆಯುವವರೂ ಇರುತ್ತಾರೆ. ಚಾವಣಿಯ ಕೆಲಸಕ್ಕೆ ಟೆಕ್ಸಸ್ ರಾಜ್ಯವು ಲೈಸೆನ್ಸನ್ನೇ ಕೇಳುವುದಿಲ್ಲವಾದ್ದರಿಂದ, ಒಂದು ಏಣಿ ಮತ್ತು ಒಂದು ಪಿಕಪ್ ಟ್ರಕ್ಕು ಇದ್ದರೆ ವೃತ್ತಿ ಆರಂಭಿಸಬಹುದು. ಹಾಗೆ ಬಂದವರಲ್ಲಿ ಮೂರನೆಯವನು ಅಂಗಳದ ಹುಲ್ಲಿನಲ್ಲಿ ತನ್ನ ಫಲಕ ನೆಟ್ಟು, ಡಿಡಕ್ಟಿಬಲ್ಲಿನ (ಅಂದರೆ ನಷ್ಟದಲ್ಲಿ ಮನೆಯವರೇ ಕೈಯಿಂದ ಹಾಕಬೇಕಾದ ಪಾಲಿನ) ಚಿಂತೆ ಬಿಡಿ, ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಕಣ್ಣು ಮಿಟುಕಿಸಿದನಂತೆ.

“ಒಪ್ಪಿಕೊಳ್ಳಬೇಕಿತ್ತು,” ಎಂದರು ಗೌಡರು ತಕ್ಷಣ.

“ಒಪ್ಪಿದ್ದರೆ ಅಪರಾಧವಾಗುತ್ತಿತ್ತು,” ಎಂದು ಪಾಟೀಲರು ಕನ್ನಡಕ ಸರಿಪಡಿಸಿಕೊಂಡರು. ಧಾರವಾಡದ ಪಾಟೀಲರು ಪಾಲಿಸಿಯ ಕಾಗದಗಳನ್ನು ಕೊನೆಯ ಪುಟದವರೆಗೆ ಓದುವ, ನಮ್ಮ ಪೈಕಿ ಏಕೈಕ ವ್ಯಕ್ತಿ. “2019ರ ಸೆಪ್ಟೆಂಬರ್ 1ರಿಂದ ಈ ರಾಜ್ಯದಲ್ಲಿ ಡಿಡಕ್ಟಿಬಲ್ಲನ್ನು ಮನ್ನಾ ಮಾಡುವುದು, ಅಥವಾ ಬಿಲ್ಲಿನಲ್ಲಿ ಅಡಗಿಸಿ ತೀರಿಸುವುದು ಕಾನೂನಿಗೆ ವಿರುದ್ಧ. ನೀವು ನಿಮ್ಮ ಪಾಲು ಕೊಟ್ಟ ರುಜುವಾತನ್ನು ಕಂಪನಿ ಕೇಳಬಹುದು.”

ಹತ್ತು ದಿನ ಕಳೆದ ಮೇಲೆ ನಷ್ಟವನ್ನು ಅಂದಾಜು ಮಾಡುವ, ಇನ್ಶೂರೆನ್ಸಿನ ಅಡ್ಜಸ್ಟರ್ ಬಂದರು. ಆ ಹುದ್ದೆಯ ಹೆಸರನ್ನು ಕೇಳಿದಾಗಲೇ ರಾಯರಿಗೆ ಅರ್ಧ ಧೈರ್ಯ ಬಂದಿತ್ತು. ಬೆಂಗಳೂರಿನ ಬಸ್ಸಿನ ಸೀಟಿನಿಂದ ಹಿಡಿದು ಮದುವೆಮನೆಯ ಊಟದ ಸಾಲಿನವರೆಗೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಂತ್ರದಿಂದಲೇ ಬದುಕಿದ ಜನ ನಾವು. ಅದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಕಳಿಸುತ್ತಾರೆಂದರೆ ಕೆಲಸ ಆದಂತೆಯೇ ಎಂದು ಅವರು ನಂಬಿದ್ದರು. ಬಂದಾತ ಚಾವಣಿಯ ಮೇಲೆ ಸೀಮೆಸುಣ್ಣದಿಂದ ಹತ್ತಡಿಗೆ ಹತ್ತಡಿಯ ಚೌಕ ಬರೆದು, ಅದರೊಳಗಿನ ಪೆಟ್ಟುಗಳನ್ನು ಸುತ್ತುಹಾಕಿ ಎಣಿಸಿದ. ನೀರಿನ ಕೊಳವೆಯ ಬಾಯಿಯಲ್ಲಿ ಗುಡ್ಡೆಬಿದ್ದಿದ್ದ, ರಾಗಿಕಾಳಿನಂತಹ ಕಪ್ಪು ಹರಳುಗಳನ್ನು ಬೆರಳಿನಿಂದ ಕೆದಕಿದ. ಶಿಂಗಲ್ ಎಂಬ ಡಾಂಬರಿನ ಹಾಳೆಯನ್ನು ಬಿಸಿಲಿನಿಂದ ಕಾಪಾಡುವ ಹರಳು ಅವು; ಕಲ್ಲಿನ ಪೆಟ್ಟಿಗೆ ಉದುರಿದರೆ ಒಳಗಿನ ಡಾಂಬರು ಬಿಸಿಲಿಗೆ ಒಡೆಯತೊಡಗುತ್ತದೆ, ಸೋರುವುದು ವರ್ಷ ಕಳೆದ ಮೇಲೆ. ಇಳಿದು ಬಂದ ಮೇಲೆ ರಾಯರು ಆತನಿಗೆ ಚಹಾ ಕೊಟ್ಟು ಸ್ವಲ್ಪ ಅಡ್ಜಸ್ಟ್ ಮಾಡಬೇಕೆಂದು ಕೇಳಿಕೊಂಡರು. ಆತ ಮಾಡಿದ. ಕೆಳಮುಖವಾಗಿ.

“ಆ 19,200 ಎಲ್ಲಿಂದ ಬಂತು?” ಎಂದು ನಾನು ಕೇಳಿದೆ.

“ಚದರದ ಲೆಕ್ಕ,” ಎಂದರು ಪಾಟೀಲರು. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಚದರವೇ ಇಲ್ಲಿಯೂ ಚಾವಣಿಯವರ ಮಾನ. ನೂರು ಚದರಡಿಗೆ ಒಂದು ಚದರ. ರಾಯರದು 32 ಚದರದ ಚಾವಣಿ, ಚದರಕ್ಕೆ 600 ಡಾಲರು. ಹಳೆಯ ಶಿಂಗಲ್ಲನ್ನು ಕಿತ್ತು ಸಾಗಿಸುವುದು, ಕೆಳಗೆ ಹಾಸುವ ಫೆಲ್ಟು, ಅಂಚಿನ ತಗಡು, ಕೊಳವೆಗಳ ಬುಡದ ರಬ್ಬರು, ಮೊಳೆ, ಕೂಲಿ, ಎಲ್ಲವೂ ಅದರೊಳಗೆ. ಕಿತ್ತ ಮೇಲೆ ಕೆಳಗಿನ ಮರದ ಹಲಗೆ ಕೊಳೆತಿರುವುದು ಕಂಡರೆ ಅದಕ್ಕೆ ಹಲಗೆಯೊಂದಕ್ಕೆ ಇಷ್ಟು ಎಂದು ಬೇರೆ.

“ಈ ಮೊತ್ತದಿಂದ ಮೊದಲು ಸವಕಳಿ ಕಳೆಯಬೇಕು,” ಎಂದು ಪಾಟೀಲರು ಟಿಶ್ಯೂ ಕಾಗದದ ಮೇಲೆ ಬರೆಯತೊಡಗಿದರು. “ಹದಿನಾಲ್ಕು ವರ್ಷದ ಚಾವಣಿಯಾದ್ದರಿಂದ 7,200. ಉಳಿದದ್ದು 12,000. ಡಿಡಕ್ಟಿಬಲ್ ಎಷ್ಟು?”

“2 ಮಾತ್ರ,” ಎಂದರು ರಾಯರು.

“2 ಡಾಲರೇ?” ಎಂದರು ಗೌಡರು ಆಸೆಯಿಂದ.

“ಶೇಕಡಾ 2.”

“ಯಾವುದರ ಶೇಕಡಾ 2 ಎಂಬುದೇ ಪ್ರಶ್ನೆ,” ಎಂದರು ಪಾಟೀಲರು. “ನಷ್ಟದ್ದಲ್ಲ ರಾಯರೇ, ಇಡೀ ಮನೆಗೆ ಮಾಡಿಸಿದ ವಿಮೆಯ ಮೊತ್ತದ್ದು. 5 ಲಕ್ಷಕ್ಕೆ ಶೇಕಡಾ 2 ಎಂದರೆ 10,000. ಹನ್ನೆರಡರಲ್ಲಿ ಹತ್ತು ಹೋದರೆ ಕೈಗೆ 2,000. ಚೆಕ್ಕು ಸರಿಯಾಗಿಯೇ ಇದೆ.”

ಒಂದು ನಿಮಿಷ ಯಾರೂ ಮಾತನಾಡಲಿಲ್ಲ. ಎರಡು ವರ್ಷದ ಹಿಂದೆ, ಪ್ರೀಮಿಯಂ ಏರಿದಾಗ, ಆಲಿಕಲ್ಲಿನ ಡಿಡಕ್ಟಿಬಲ್ಲನ್ನು ಶೇಕಡಾ 1ರಿಂದ 2ಕ್ಕೆ ಏರಿಸಿ ವರ್ಷಕ್ಕೆ 340 ಡಾಲರು ಉಳಿಸಿದ್ದೇನೆಂದು ಇದೇ ಸೋಫಾದ ಮೇಲೆ ಕುಳಿತು ರಾಯರು ನಮಗೆ ಉಪನ್ಯಾಸ ಕೊಟ್ಟಿದ್ದರು. ಆ ಸಂತೋಷಕ್ಕೆ ಹೋಟೆಲಿನಲ್ಲಿ ದೋಸೆಯನ್ನೂ ಕೊಡಿಸಿದ್ದರು. 680 ಉಳಿದು 5,000 ಹೋದ ಆ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೋಸೆ ತಿಂದ ಋಣ ಎಲ್ಲರ ಮೇಲೂ ಇತ್ತು.

“ಆ ಸವಕಳಿಯ 7,200 ಮುಳುಗಿಹೋಯಿತೇ?” ಎಂದು ರಾಯರು ಕ್ಷೀಣಸ್ವರದಲ್ಲಿ ಕೇಳಿದರು.

ಇಲ್ಲ ಎಂದರು ಪಾಟೀಲರು. ರಾಯರ ಪಾಲಿಸಿ ಹೊಸದನ್ನು ಹಾಕಿಸುವ ವೆಚ್ಚ ಕೊಡುವ ಬಗೆಯದು. ಕೆಲಸ ಮುಗಿಸಿ ಬಿಲ್ಲು ತೋರಿಸಿದರೆ ಹಿಡಿದಿಟ್ಟ ಆ ಹಣ ಎರಡನೆಯ ಚೆಕ್ಕಾಗಿ ಬರುತ್ತದೆ. ಸವೆದ ಬೆಲೆಯನ್ನಷ್ಟೇ ಕೊಡುವ ಪಾಲಿಸಿಯಾಗಿದ್ದರೆ ಈ 2,000ಕ್ಕೆ ಕೈಮುಗಿದು ಸುಮ್ಮನಿರಬೇಕಿತ್ತು. ರಾಯರ ಮುಖದಲ್ಲಿ ಸ್ವಲ್ಪ ರಕ್ತ ಸಂಚಾರವಾಯಿತು. ಅಷ್ಟರಲ್ಲಿ ಶೆಟ್ಟರು ಚೆಕ್ಕನ್ನು ಬೆಳಕಿಗೆ ಹಿಡಿದು, ಅದರ ಮೇಲೆ ರಾಯರ ಹೆಸರಿನೊಂದಿಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುವುದನ್ನು ತೋರಿಸಿದರು. ಬ್ಯಾಂಕು ಸಹಿ ಹಾಕದೆ ಆ 2,000 ಕೂಡ ಕೈಗೆ ಬರುವುದಿಲ್ಲ. “ಹದಿನಾಲ್ಕು ವರ್ಷ ಕಂತು ಕಟ್ಟಿದ್ದೇನೆ. ಒಂದು ದಿನವೂ ಯೋಗಕ್ಷೇಮ ವಿಚಾರಿಸದವರಿಗೆ ಈಗ ಇದು ತಮ್ಮ ಮನೆಯೆಂದು ನೆನಪಾಯಿತಲ್ಲ,” ಎಂದರು ರಾಯರು.

“ನನ್ನ ಕಥೆ ಕೇಳಿ,” ಎಂದು ಗೌಡರು ಮುಂದಕ್ಕೆ ಬಾಗಿದರು. ಅವರ ಮನೆ ಪಕ್ಕದ ಮೆಕಿನಿಯಲ್ಲಿ. ಅಲ್ಲಿ ಬಿದ್ದದ್ದು ಅಡಿಕೆಯ ಗಾತ್ರದ್ದು. ಒಂದು ಇಳಿಜಾರು ಮಾತ್ರ ಕೆಟ್ಟಿತ್ತು. ಅಂದಾಜು 6,400, ಡಿಡಕ್ಟಿಬಲ್ 9,000. ಅವರಿಗೆ ಬಂದದ್ದು ಬಹಳ ಗೌರವಪೂರ್ವಕವಾದ ಒಂದು ಪತ್ರ. “ಬಿದ್ದದ್ದು ಬಿತ್ತು; ಸ್ವಲ್ಪ ದಪ್ಪನಾಗಿ ಬಿದ್ದಿದ್ದರೆ ಏನಾಗುತ್ತಿತ್ತು? ನಿಮಗೆ ನಿಂಬೆಹಣ್ಣು, ನನಗೆ ಅಡಿಕೆ. ಮೋಡಕ್ಕೂ ಪಕ್ಷಪಾತ.” ಹೊಲದ ಮೇಲೆ ಆಲಿಕಲ್ಲು ಬೀಳದಿರಲೆಂದು ಹಾಸನದ ಸೀಮೆಯಲ್ಲಿ ದೇವರಿಗೆ ಹರಕೆ ಹೊತ್ತ ಮನೆತನದವರು ಹೀಗೆ ಕೊರಗುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಶೆಟ್ಟರು ಇಷ್ಟು ಹೊತ್ತು ಕಾದಿದ್ದರು. ಮಂಗಳೂರಿನವರ ಮುಂದೆ ಚಾವಣಿಯ ಮಾತೆತ್ತುವುದೆಂದರೆ ಉಡುಪಿಯವರ ಮುಂದೆ ಹೋಟೆಲಿನ ಮಾತೆತ್ತಿದಂತೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಲ್ಲಿಂದ ಅವರು ಆರಂಭಿಸಿದರು. “ನಮ್ಮ ಅಜ್ಜನ ಮನೆಯಲ್ಲಿ ಒಡೆದದ್ದು ನಾಲ್ಕು ಹೆಂಚಾದರೆ ಬದಲಾಯಿಸುವುದೂ ನಾಲ್ಕೇ. ಮಳೆಗಾಲಕ್ಕೆ ಮುಂಚೆ ಒಬ್ಬ ಮಾಡು ಹತ್ತಿ ಕೈಯಾಡಿಸಿ ಇಳಿದರೆ ಮುಗಿಯಿತು. ಇವರದೇನು ಮಾರಾಯ್ರೇ, ಕಾಗದಕ್ಕೆ ಡಾಂಬರು ಬಳಿದು, ಅಂಟಿಸಿ, ಒಂದು ಮೂಲೆ ಕೆಟ್ಟರೆ ಇಡೀ ಮಗ್ಗುಲನ್ನೇ ಕೀಳುವುದು!”

“ಕಾಗದವಲ್ಲ, ಗಾಜಿನ ನಾರು,” ಎಂದು ಪಾಟೀಲರು ತಿದ್ದಿದರು. “ಹದಿನಾಲ್ಕು ವರ್ಷದ ಹಿಂದಿನ ಬಣ್ಣ ಈಗ ಸಿಗುವುದೂ ಇಲ್ಲ. ಅದಿರಲಿ, ರಾಯರು ಈ ಸಲ ನಾಲ್ಕನೆಯ ದರ್ಜೆಯ ಶಿಂಗಲ್ ಹಾಕಿಸಲಿ. ಪೆಟ್ಟು ತಡೆಯುವುದರಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ದರ್ಜೆ. 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸಿದರೂ ಸೀಳಬಾರದು, ಅದು ಪರೀಕ್ಷೆ. ಬೆಲೆ ಹೆಚ್ಚು, ಆದರೆ ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ಸಿಗುತ್ತದೆ.”

“ರಿಯಾಯಿತಿ ಎಂಬ ಶಬ್ದವನ್ನು ಈ ಮನೆಯಲ್ಲಿ ಯಾರೂ ಆಡಕೂಡದು,” ಎಂದು ಒಳಗಿನಿಂದ ಅತ್ತಿಗೆಯವರ ಧ್ವನಿ ಬಂತು.

ಅದೇ ಹೊತ್ತಿಗೆ ಮೇಜಿನ ಮೇಲಿನ ಐದೂ ಫೋನುಗಳು ಒಟ್ಟಿಗೆ ಗುರುಗುಟ್ಟಿದವು. ಪಶ್ಚಿಮದಿಂದ ಬಿರುಮಳೆ, ಇನ್ನು ನಲವತ್ತು ನಿಮಿಷ, ಗಾಲ್ಫ್ ಚೆಂಡಿನ ಗಾತ್ರದ ಆಲಿಕಲ್ಲು ಬೀಳಬಹುದು. ಶೆಟ್ಟರು ಹೊಸ ಕಾರಿನ ಕೀಲಿಕೈ ಹುಡುಕತೊಡಗಿದರು. ಗೌಡರು ಮಾತ್ರ ಎದ್ದು ನಿಂತು, ಮೋಡ ಮೆಕಿನಿಯ ಕಡೆ ತಿರುಗುವ ಲಕ್ಷಣವಿದೆಯೇ ಎಂದು ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದರು.

“ಹೇಗೂ ಕೆಟ್ಟ ಚಾವಣಿ ತಾನೇ, ಇನ್ನು ಬಿದ್ದರೆ ಹೋಗುವುದೇನಿದೆ?” ಎಂದು ರಾಯರು ವೇದಾಂತಿಯಂತೆ ಕುರ್ಚಿಗೆ ಒರಗಿದರು.

“ಇವತ್ತು ಬೀಳುವುದು ಬೇರೆ ಘಟನೆ,” ಎಂದರು ಪಾಟೀಲರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. “ಬೇರೆ ಘಟನೆಗೆ ಬೇರೆ ಕ್ಲೇಮು. ಬೇರೆ ಕ್ಲೇಮಿಗೆ ಬೇರೆ ಡಿಡಕ್ಟಿಬಲ್ಲು.”

ರಾಯರು ಕುರ್ಚಿಯಿಂದ ಎದ್ದ ವೇಗವನ್ನು ನಾನು ಅವರಲ್ಲಿ ಹಿಂದೆಂದೂ ಕಂಡಿರಲಿಲ್ಲ. ನೇರವಾಗಿ ಅಡುಗೆಮನೆಗೆ ನಡೆದು, ಖಾಲಿ ಸ್ಟೀಲ್ ಡಬ್ಬಿಯೊಂದನ್ನು ಹೊರಗೆ ತೆಗೆದು, ಅದರ ಮುಚ್ಚಳಕ್ಕೆ ಬಿಳಿ ಟೇಪು ಅಂಟಿಸಿ, ಕಪ್ಪು ಮಾರ್ಕರಿನಿಂದ ಏನೋ ದಪ್ಪಕ್ಷರದಲ್ಲಿ ಬರೆಯತೊಡಗಿದರು.

“ಹೆದರಬೇಡಿ,” ಎಂದರು ಅತ್ತಿಗೆಯವರು, ಉಳಿದ ಬಜ್ಜಿಗಳನ್ನು ನಮಗಾಗಿ ಪೊಟ್ಟಣ ಕಟ್ಟುತ್ತ. “ಬೆಲ್ಲ ಮುಗಿದಿದೆ.”