ನಾವು ನಿಂತಿರುವ ನೆಲದ ಪದರಕ್ಕೆ ಯಾವ ಪದ: ಕವಚವೋ, ಚಿಪ್ಪೋ, ಕೆನೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಮುಂದೆ ಎರಡು ವಾರದಿಂದ ನಿಂತಿದ್ದೇನೆ. ನಿಮ್ಮನ್ನು ಕೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ನಮ್ಮೂರ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆಂದು ಭೂಮಿಯ ಬಗ್ಗೆ 32 ಪುಟದ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳು ತಾವೇ ಓದಿಕೊಳ್ಳಬೇಕು. ಯಾರೂ ಪಕ್ಕದಲ್ಲಿ ಕೂತು ಅರ್ಥ ಹೇಳುವ ಹಾಗಿರಬಾರದು. ನಾನು ಹಾಕಿಕೊಂಡ ಕಟ್ಟಳೆ ಅದೊಂದೇ. ಗಾಳಿ, ನೀರು, ಹಗಲು ರಾತ್ರಿ ಎಲ್ಲ ಸಲೀಸಾಗಿ ಬಂತು. ಭೂಮಿಯ ಒಳಕ್ಕೆ ಇಳಿಯುವ ಪುಟ ಬಂದಾಗ ಪೆನ್ನು ನಿಂತಿತು.

ನಾವು ನಿಂತಿರುವ ಗಟ್ಟಿ ಮೇಲ್ಪದರಕ್ಕೆ ಶಾಲೆಯ ಪಾಠದಲ್ಲಿ ‘ಭೂಕವಚ’ ಅನ್ನುತ್ತಾರೆ. ನಾನೂ ಹಾಗೇ ಬರೆದೆ. ಆ ಪುಟವನ್ನು ತಂಗಿಯ ಮಗಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಕೇಳಿದಳು: “ದೊಡ್ಡಮ್ಮ, ಇದು ಕರ್ಣನ ಕವಚದ ಥರಾನಾ? ಹುಟ್ಟುವಾಗಲೇ ಬಂದಿದ್ದಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಎಂಥ ಒಳ್ಳೆಯ ಪ್ರಶ್ನೆ ಅಲ್ವಾ? ಕವಚ ಅಂದ ಕೂಡಲೇ ನಮ್ಮ ಮಕ್ಕಳ ಮನಸ್ಸಿಗೆ ಬರುವುದು ಕರ್ಣನೇ. ಮೈಗೆ ತೊಡುವುದು, ಬೇಕಾದಾಗ ಬಿಚ್ಚುವುದು, ಇಲ್ಲವೇ ಹುಟ್ಟಿನಿಂದ ಅಂಟಿಕೊಂಡು ಬರುವುದು. ಭೂಮಿಯ ಮೇಲ್ಪದರ ಇದ್ಯಾವುದೂ ಅಲ್ಲ. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷ ಆಯಿತು. ಮೊದಮೊದಲು ಅದು ಕುದಿಯುವ ಕಲ್ಲಿನ ಉಂಡೆ. ಭಾರದ ಕಬ್ಬಿಣ ಒಳಕ್ಕೆ ಇಳಿಯಿತು, ಹಗುರದ್ದು ಮೇಲಕ್ಕೆ ಬಂತು. ಬರುಬರುತ್ತಾ ಮೇಲೆ ಆರಿ ಗಟ್ಟಿಯಾಯಿತು. ಇದು ಹೊರಗಿನಿಂದ ತಂದು ತೊಡಿಸಿದ್ದಲ್ಲ, ಒಳಗಿನಿಂದಲೇ ಮೇಲೆದ್ದು ಬಂದದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಸಂಜೆ ಹೊತ್ತು ಜನ ಕೂರುತ್ತಾರಲ್ಲ, ಅದಕ್ಕೇ ಸುಮಾರು 300 ಕೋಟಿ ವರ್ಷ. ಅಷ್ಟು ಹಳೆಯ ಬಂಡೆ ಕೂಡ ಭೂಮಿಗಿಂತ 150 ಕೋಟಿ ವರ್ಷ ಚಿಕ್ಕದು. ಸಮುದ್ರದ ತಳದಲ್ಲಂತೂ ಇವತ್ತಿಗೂ ಹೊಸ ನೆಲ ಹುಟ್ಟುತ್ತಲೇ ಇದೆ.

ಹಾಗಾಗಿ ಕವಚವನ್ನು ಬಿಟ್ಟು ಬೇರೆ ಪದ ಹುಡುಕಲು ಹೊರಟೆ.

ಮೊದಲು ಹೊಳೆದದ್ದು ‘ಕೆನೆ’. ಅಡುಗೆಮನೆಯಲ್ಲಿ ಹಾಲು ಆರಲು ಇಟ್ಟಿದ್ದೆ. ಮೇಲೆ ತೆಳ್ಳಗೆ ಕಟ್ಟಿಕೊಂಡಿತ್ತು. ಊದಿದರೆ ಸುಕ್ಕಾಗಿ ಒಂದು ಕಡೆಗೆ ಸರಿಯಿತು, ಅಂಚಿನಲ್ಲಿ ಮಡಿಕೆ ಬಿತ್ತು. ಬೆಟ್ಟಗಳು ಎದ್ದದ್ದು ಹೀಗೇ ಅಲ್ವಾ ಅನ್ನಿಸಿ ಅಲ್ಲೇ ನಿಂತು ನೋಡಿದೆ. ಹಗುರವಾದದ್ದು ಮೇಲೆ ತೇಲುತ್ತದೆ ಅನ್ನುವ ಮಾತೂ ಇದರಲ್ಲಿ ಬಂದುಬಿಡುತ್ತದೆ. ನಮ್ಮ ಖಂಡಗಳ ಕಲ್ಲು ಒಂದು ಲೀಟರ್ ಡಬ್ಬಿ ತುಂಬುವಷ್ಟಕ್ಕೆ ಸುಮಾರು 2.7 ಕಿಲೋ ತೂಗುತ್ತದೆ. ಅದರ ಕೆಳಗಿನ ಪದರದ ಕಲ್ಲು 3.3 ಕಿಲೋ. ಇಡೀ ಭೂಮಿಯ ಸರಾಸರಿ ತೆಗೆದರೆ ಲೀಟರಿಗೆ 5.5 ಕಿಲೋ. ಅಂದರೆ ಒಳಗೆ ಹೋದ ಹಾಗೆ ಭಾರ ಜಾಸ್ತಿ. ಇದನ್ನು ‘ಕೆನೆ’ ಒಂದೇ ಪದದಲ್ಲಿ ಹೇಳುತ್ತದೆ, ‘ಕವಚ’ಕ್ಕೆ ಆಗುವುದಿಲ್ಲ.

ಆದರೆ ಕೆನೆಯ ಕೆಳಗೆ ಹಾಲು ಇರುತ್ತದೆ. ಅಲ್ಲೇ ಎಡವಟ್ಟು. ನಾನು ಮಾತಾಡಿಸಿದ ಹತ್ತು ಮಕ್ಕಳಲ್ಲಿ ಎಂಟು ಮಂದಿಯಾದರೂ “ನೆಲದ ಕೆಳಗೆಲ್ಲ ಲಾವಾ ಇದೆ” ಅಂದರು. ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ. ಅದು ನಿಜವಲ್ಲ. ಮೇಲ್ಪದರದ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇರುವುದು ಗಟ್ಟಿ ಕಲ್ಲೇ. ಬಿಸಿ ಕಲ್ಲು, ಕೋಟ್ಯಂತರ ವರ್ಷದಲ್ಲಿ ನಿಧಾನವಾಗಿ ಜರುಗುವ ಕಲ್ಲು, ಆದರೂ ಕಲ್ಲು. ಅಲ್ಲಲ್ಲಿ ಒಂದಿಷ್ಟು ಕರಗಿದಾಗ ಮಾತ್ರ ಜ್ವಾಲಾಮುಖಿಗೆ ಬೇಕಾದ ರಸ ಸಿಗುತ್ತದೆ. ‘ಕೆನೆ’ ಅಂತ ಬರೆದರೆ ಆ ತಪ್ಪು ಕಲ್ಪನೆಗೆ ನಾನೇ ನೀರೆರೆದ ಹಾಗೆ. ಗಟ್ಟಿಯಾಗಿದ್ದೂ ಜರುಗುವುದು ಹೇಗೆ ಅಂತ ಕೇಳಿದರೆ ರಸ್ತೆ ಪಕ್ಕ ಬಿಟ್ಟುಹೋದ ಡಾಂಬರಿನ ಮುದ್ದೆ ತೋರಿಸಬಹುದು. ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತದೆ. ಹಾಗೇ ಬಿಟ್ಟರೆ ನಾಲ್ಕು ದಿನದಲ್ಲಿ ಹರಡಿಕೊಂಡಿರುತ್ತದೆ.

‘ತೊಗಟೆ’ ಚೆನ್ನಾಗಿದೆ, ಒಳಗಿನಿಂದ ಹೊಸದು ಬರುತ್ತದೆ. ಆದರೆ ಕಿವಿಗೆ ಮರವೇ ಕೇಳುತ್ತದೆ, ಕಲ್ಲು ಕೇಳುವುದಿಲ್ಲ. ‘ಸಿಪ್ಪೆ’ ಅಂದರೆ ಸುಲಿದು ಎಸೆಯುವುದು. ನಾವು ಬದುಕಿರುವ ಜಾಗಕ್ಕೆ ಆ ಹೆಸರಿಡಲು ನನಗೆ ಮನಸ್ಸಿಲ್ಲ.

ಕೊನೆಗೆ ಬಂದು ನಿಂತದ್ದು ‘ಚಿಪ್ಪು’. ‘ಭೂಚಿಪ್ಪು’ ಅಂತ ಕೆಲವರು ಆಗಲೇ ಬರೆಯುತ್ತಿದ್ದಾರೆ, ಇದು ನನ್ನ ಹೊಸ ಹುಡುಕಾಟವೇನಲ್ಲ. ಆಮೆಯ ಚಿಪ್ಪು, ಮೊಟ್ಟೆಯ ಚಿಪ್ಪು, ತೆಂಗಿನ ಚಿಪ್ಪು. ಆಮೆಯದು, ತೆಂಗಿನದು ಒಳಗಿನ ಜೀವದ ಜೊತೆಗೇ ಬೆಳೆದದ್ದು. ಮೂರೂ ಗಟ್ಟಿ, ಒಡೆದರೆ ಚೂರು. ಎಷ್ಟು ತೆಳು ಅನ್ನುವುದನ್ನು ಹೇಳಲು ಮೊಟ್ಟೆ ತುಂಬ ಒಳ್ಳೆಯದು. ಭೂಮಿಯ ನಡುವಿನಿಂದ ಮೇಲ್ಮೈವರೆಗೆ 6,371 ಕಿಲೋಮೀಟರ್. ಅದರಲ್ಲಿ ನಮ್ಮ ದಖ್ಖನ್ನಿನಂಥ ಕಡೆ ಮೇಲ್ಪದರ 35-40 ಕಿಲೋಮೀಟರ್, ಟಿಬೆಟ್ಟಿನ ಕೆಳಗೆ 70ರ ಹತ್ತಿರ, ಸಮುದ್ರದ ತಳದಲ್ಲಿ ಬರೀ ಏಳು ಕಿಲೋಮೀಟರ್. ಲೆಕ್ಕ ಹಾಕಿದರೆ ಮೊಟ್ಟೆಗೆ ಚಿಪ್ಪು ಎಷ್ಟು ದಪ್ಪವೋ ಭೂಮಿಗೆ ಈ ಪದರ ಅಷ್ಟೂ ಇಲ್ಲ!

ಪುಸ್ತಿಕೆಯ ನಡುಪುಟದಲ್ಲಿ 20 ಸೆಂಟಿಮೀಟರ್ ಅಗಲದ ಭೂಮಿಯನ್ನು ಬಿಡಿಸಬೇಕು ಅಂತ ಇದೆ. ಸ್ಕೇಲು ಇಟ್ಟುಕೊಂಡು ಕೂತೆ. ಖಂಡದ ಪದರ ಅರ್ಧ ಮಿಲಿಮೀಟರಿಗೆ ಬಂತು. ಅಂದರೆ ಬಾಲ್‌ಪೆನ್ನಿನ ಒಂದು ಗೆರೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ ಇತ್ತು. ತಳದ ಬಂಡೆ 60 ಡಿಗ್ರಿಗಿಂತ ಜಾಸ್ತಿ ಕಾದಿರುತ್ತಿತ್ತು, ಜನ ಕೆಲಸ ಮಾಡಲು ತಣ್ಣನೆಯ ಗಾಳಿ ಕೆಳಕ್ಕೆ ಕಳಿಸಬೇಕಾಗುತ್ತಿತ್ತು. ಅಷ್ಟು ಆಳ ಆ ಗೆರೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ. ರಷ್ಯಾದ ಕೋಲಾದಲ್ಲಿ 1970ರಿಂದ ಶುರು ಮಾಡಿ ಇಪ್ಪತ್ತು ವರ್ಷ ಕೊರೆದು 12,262 ಮೀಟರಿಗೆ ಹೋದರು, ಅಲ್ಲಿ 180 ಡಿಗ್ರಿ ಬಿಸಿ. ಅದೂ ಗೆರೆಯೊಳಗೇ. ಭೂಮಿ ಧ್ರುವಗಳಲ್ಲಿ ಕಿತ್ತಳೆ ಹಣ್ಣಿನಂತೆ ಚಪ್ಪಟೆ ಅಂತ ನಾವೆಲ್ಲ ಕಲಿತೆವಲ್ಲ, ಆ ವ್ಯತ್ಯಾಸ 21 ಕಿಲೋಮೀಟರ್. ನನ್ನ ಚಿತ್ರದಲ್ಲಿ ಮೇಲೆ ಕೆಳಗೆ 0.3 ಮಿಲಿಮೀಟರ್. ಕಣ್ಣಿಗೆ ಕಾಣುವುದೇ ಇಲ್ಲ. ಕಿತ್ತಳೆಯನ್ನು ಪುಸ್ತಿಕೆಯಿಂದ ತೆಗೆದುಬಿಟ್ಟೆ.

‘ಚಿಪ್ಪು’ ಪದಕ್ಕೆ ಒಂದು ತಕರಾರು ಬರಬಹುದು. ‘ಕೈಗೆ ಚಿಪ್ಪು ಬಂತು’ ಅಂದರೆ ಎಲ್ಲ ಕಳೆದುಕೊಂಡ ಅಂತ. ಆ ನೆರಳು ಓದುವಾಗ ಅಡ್ಡ ಬರುತ್ತದೆಯೇ? ನನಗೆ ಬರಲಿಲ್ಲ. ನಿಮಗೆ ಬಂದರೆ ತಿಳಿಸಿ.

ಎರಡನೇ ಪದರಕ್ಕೆ ಪಾಠದಲ್ಲಿ ‘ಮ್ಯಾಂಟಲ್’ ಅಂತಲೇ ಇದೆ. ನಮ್ಮಪ್ಪನಿಗೆ ಓದಿ ಹೇಳಿದಾಗ, “ಮ್ಯಾಂಟಲ್ ಅಂದ್ರೆ ಗ್ಯಾಸ್‌ಲೈಟಿಗೆ ಕಟ್ಟೋದಲ್ವೇನಮ್ಮ?” ಅಂದರು. ಮದುವೆ ಮನೆಗಳಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚುವಾಗ ಆ ಬಲೆಯಂಥ ಚೀಲ ಕಟ್ಟಿ, ಪಂಪು ಹೊಡೆದು, ಬೆಳ್ಳಗೆ ಉರಿಸುತ್ತಿದ್ದರಲ್ಲ, ಅದು. ಅವರ ವಯಸ್ಸಿನವರಿಗೆ ಈ ಪದ ಕನ್ನಡವೇ ಆಗಿಹೋಗಿದೆ, ಆದರೆ ಬೇರೆ ಅರ್ಥದಲ್ಲಿ. ಇವತ್ತಿನ ಮಕ್ಕಳಿಗೆ ಯಾವ ಅರ್ಥವೂ ಇಲ್ಲ. ಭೂಮಿಯ ಗಾತ್ರದಲ್ಲಿ 84 ಭಾಗ ಇದೇ ಪದರ. ನೂರರಲ್ಲಿ 84! ಅಷ್ಟು ದೊಡ್ಡದಕ್ಕೆ ನಮ್ಮದೊಂದು ಹೆಸರಿಲ್ಲ ಅನ್ನುವುದು ನನ್ನನ್ನು ಕಾಡುತ್ತಿದೆ. ‘ಒಡಲು’ ಅನ್ನಬಹುದೇ? ‘ಭೂಮಿಯ ಒಡಲಲ್ಲಿ’ ಅಂತ ನಾವು ಮೊದಲಿಂದಲೂ ಅನ್ನುತ್ತೇವೆ, ಆದರೆ ಅದು ಇಡೀ ಒಳಭಾಗಕ್ಕೆ. ಒಂದೇ ಪದರಕ್ಕೆ ಕಟ್ಟಿಹಾಕಿದರೆ ಜನ ಒಪ್ಪುತ್ತಾರೋ ಇಲ್ಲವೋ.

ಮೂರನೆಯದು ನಡುವಿನ ಕಬ್ಬಿಣದ ಭಾಗ, ಪಾಠದ ‘ಕೇಂದ್ರಗೋಳ’. ಇದಕ್ಕೆ ‘ತಿರುಳು’ ಅಂತ ಬರೆದವರನ್ನು ನೋಡಿದ್ದೇನೆ. ಕೇಳಲು ಚೆಂದ. ಆದರೆ ಮಾವಿನಹಣ್ಣು ಕೈಯಲ್ಲಿ ಹಿಡಿದು ಯೋಚಿಸಿ. ಸಿಪ್ಪೆ, ತಿರುಳು, ಒಳಗೆ ಓಟೆ. ತಿರುಳು ನಡುವಿನ ಪದರ ಆಗುತ್ತದೆಯೇ ಹೊರತು ಕೇಂದ್ರ ಆಗುವುದಿಲ್ಲ. ಅದೂ ಅಲ್ಲದೆ ತಿರುಳು ಮೆತ್ತಗೆ. ಭೂಮಿಯ ನಟ್ಟನಡುವೆ 5,000 ಡಿಗ್ರಿ ದಾಟಿದ ಬಿಸಿಯಿದ್ದರೂ ಒತ್ತಡಕ್ಕೆ ಕಬ್ಬಿಣ ಗಟ್ಟಿಯಾಗಿಯೇ ಇದೆ. ಅದರ ಸುತ್ತ ಮಾತ್ರ ಕರಗಿದ ಕಬ್ಬಿಣ. ಒಳಗಿನ ಈ ಗಟ್ಟಿ ಉಂಡೆ ಇದೆ ಅಂತ 1936ರಲ್ಲಿ ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೇಮನ್. ಭೂಕಂಪದ ಅಲೆಗಳು ದೂರದ ಊರುಗಳಲ್ಲಿ ಎಲ್ಲಿ, ಯಾವಾಗ ಮುಟ್ಟಿದವು ಅನ್ನುವುದನ್ನು ಕೂತು ನೋಡಿಯೇ ಅವರು ಅದನ್ನು ಹೇಳಿದ್ದು.

ಇಲ್ಲಿ ನನಗೆ ನೆನಪಾದದ್ದು ಮೊಳಕೆ ಬಂದ ತೆಂಗಿನಕಾಯಿ. ಒಡೆದರೆ ನೀರಿನ ನಡುವೆ ಬಿಳಿ ಉಂಡೆಯೊಂದು ಇರುತ್ತದೆ, ಚಿಕ್ಕವರಿದ್ದಾಗ ಅದಕ್ಕೆ ಜಗಳವಾಡುತ್ತಿದ್ದೆವು. ದಿನ ಹೋದ ಹಾಗೆ ನೀರು ಕಡಿಮೆಯಾಗಿ ಉಂಡೆ ದೊಡ್ಡದಾಗುತ್ತದೆ. ಭೂಮಿಯ ನಡುವೆಯೂ ಹಾಗೇ, ಕರಗಿದ ಕಬ್ಬಿಣ ಸ್ವಲ್ಪ ಸ್ವಲ್ಪವೇ ಹೆಪ್ಪುಗಟ್ಟಿ ಗಟ್ಟಿ ಉಂಡೆ ಬೆಳೆಯುತ್ತಿದೆ. ಪಾಠದಲ್ಲಿ ‘ಘನೀಕರಣ’ ಅಂತ ಇರುವ ಕಡೆಯಲ್ಲೆಲ್ಲ ನಾನು ‘ಹೆಪ್ಪುಗಟ್ಟುವುದು’ ಅಂತ ಬದಲಿಸಿದ್ದೇನೆ. ಒಂದು ಕಡೆಯೂ ಅರ್ಥ ಕೆಡಲಿಲ್ಲ.

ಸಂಸ್ಕೃತದ ಪದ ಬೇಡ ಅನ್ನುವ ಹಟ ನನಗಿಲ್ಲ. ಕರಗಿದ ಕಲ್ಲಿಗೆ ‘ಶಿಲಾಪಾಕ’ ಅಂತ ಹೆಸರಿಟ್ಟವರಿಗೆ ನಾನು ಕೈ ಮುಗಿಯುತ್ತೇನೆ. ಪಾಕ ಅಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಕ್ಕರೆ ಪಾಕ ಆರುವಾಗ ಹರಳುಗಟ್ಟುತ್ತದೆ, ಕಲ್ಲಿನ ಪಾಕವೂ ಆರುವಾಗ ಹರಳುಗಟ್ಟುತ್ತದೆ. ನಿಧಾನ ಆರಿದರೆ ದಪ್ಪ ಹರಳು, ಬೇಗ ಆರಿದರೆ ಸಣ್ಣದು. ಪದವೇ ಅರ್ಧ ಪಾಠ ಹೇಳಿಬಿಟ್ಟಿತು. ಭೂಮಿಯ ಗಟ್ಟಿ ಹೊರಭಾಗ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವಕ್ಕೆ ಪಾಠದಲ್ಲಿ ‘ಫಲಕ’ ಅನ್ನುತ್ತಾರೆ. ಆ ಪದಕ್ಕೆ ಈ ಗುಣ ಇಲ್ಲ. ‘ಭೂಫಲಕಗಳು ಚಲಿಸುತ್ತವೆ’ ಅಂತ ಓದಿದ ಹುಡುಗನೊಬ್ಬ ಬಸ್ಸಿನ ನಾಮಫಲಕದ ಹಾಗೆ ನಿಂತಿರುವ ಹಲಗೆಯನ್ನು ಬಿಡಿಸಿ ತೋರಿಸಿದ. ಅವನ ತಪ್ಪಲ್ಲ. ನಾನು ‘ಚಪ್ಪಡಿ’ ಅಂತ ಬರೆದಿದ್ದೇನೆ. ಮನೆ ಮುಂದೆ ಚರಂಡಿಗೆ ಹಾಸುವ ಚಪ್ಪಡಿಯನ್ನು ಎಲ್ಲರೂ ನೋಡಿದ್ದಾರೆ. ಒಂದಕ್ಕೊಂದು ಒತ್ತಿದರೆ ಅಂಚು ಎದ್ದು ನಿಲ್ಲುವುದನ್ನೂ ನೋಡಿದ್ದಾರೆ. ನಮ್ಮ ಭಾರತದ ಚಪ್ಪಡಿ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರದ ಕಡೆಗೆ ಜರುಗುತ್ತಿದೆ, ಎದ್ದ ಅಂಚು ಹಿಮಾಲಯ. ಒಂದು ಎಚ್ಚರ ಬೇಕು: ಚಪ್ಪಡಿ ಅಂದರೆ ಚಿಪ್ಪು ಮಾತ್ರ ಅಲ್ಲ. ಚಿಪ್ಪಿಗೆ ಕೆಳಗಿನ ಪದರದ ಗಟ್ಟಿ ಮೇಲ್ಭಾಗವೂ ಅಂಟಿಕೊಂಡು ನೂರು ಕಿಲೋಮೀಟರ್ ಆಸುಪಾಸು ದಪ್ಪ ಆಗುತ್ತದೆ. ಎರಡಕ್ಕೂ ಒಂದೇ ಪದ ಬಳಸಿದ ಬರಹಗಳು ಸಿಕ್ಕಿವೆ. ಅದು ಆಗಬಾರದು.

ಈಗ ನಿಮ್ಮಿಂದ ಬೇಕಾದದ್ದು. ‘ಚಿಪ್ಪು’ ಮತ್ತು ‘ಚಪ್ಪಡಿ’ ನಿಮ್ಮ ಕಡೆಯ ಮಕ್ಕಳಿಗೆ ಅರ್ಥವಾಗುತ್ತವೆಯೇ? ಓಟೆಗೆ ವಾಟೆ, ಗೊರಟೆ ಅಂತಲೂ ಅನ್ನುತ್ತಾರೆ. ಕೇಂದ್ರಗೋಳಕ್ಕೆ ಅದರಲ್ಲಿ ಯಾವುದಾದರೂ ಹೊಂದುತ್ತದೆಯೇ, ಇಲ್ಲ ಇದ್ದದ್ದೇ ಇರಲಿಯೇ?

ಇನ್ನೊಂದು ಬಹಳ ಮುಖ್ಯ. ಕೆರೆ ಬತ್ತಿದಾಗ ತಳದ ಕೆಸರು ಒಣಗಿ, ಬಿರುಕು ಬಿಟ್ಟು, ಅಂಗೈಯಗಲದ ಬಿಲ್ಲೆಗಳಾಗಿ ಅಂಚು ಮೇಲಕ್ಕೆ ಮುದುರಿಕೊಳ್ಳುತ್ತದೆ. ಕಾಲಿಟ್ಟರೆ ಪಟಪಟ ಅನ್ನುತ್ತದೆ. ನಮ್ಮಲ್ಲಿ ಅದಕ್ಕೆ ‘ಹಕ್ಕಳೆ ಎದ್ದಿದೆ’ ಅನ್ನುತ್ತೇವೆ, ಗಾಯ ಒಣಗಿದಾಗ ಅಂದ ಹಾಗೇ. ಎರೆ ಭೂಮಿಯ ಕಡೆಯವರು, ಕರಾವಳಿಯವರು, ಮಲೆನಾಡಿನವರು ಏನಂತೀರಿ? ಹೊಲದಲ್ಲಿ ಓಡಾಡುವ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ನಾನು ಹುಡುಕುತ್ತಿರುವ ಪದ ಅಲ್ಲೆಲ್ಲೋ ಇದೆ ಅಂತ ನನ್ನ ನಂಬಿಕೆ.

ಚಿತ್ರ ಬಿಡಿಸುವವರು ಬರುವ ಸೋಮವಾರ ಬರುತ್ತಾರೆ. ಬಾಲ್‌ಪೆನ್ನಿನ ಆ ಗೆರೆಯ ಪಕ್ಕದಲ್ಲಿ ಸದ್ಯಕ್ಕೆ ‘ಚಿಪ್ಪು’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.