ಅಪ್‌ಡೇಟ್: ಹುಬ್ಬಳ್ಳಿ-ಧಾರವಾಡದ ಕುದುರೆಯವರು ಕೊನೆಗೂ ಸೇರಿದೆವು

ಲಾಳ ಕಟ್ಟುವವರು ಸಿಗುತ್ತಿಲ್ಲ, ಟಾಂಗಾದವರನ್ನೂ ಮದುವೆ ಮೆರವಣಿಗೆಯ ಕುದುರೆಯವರನ್ನೂ ಒಗ್ಗೂಡಿಸುವುದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ‘ಸಂಘದ ನೋಂದಣಿ ಆಮೇಲೆ, ಮೊದಲು ಲಾಳ’ ಎಂದಿದ್ದಿರಿ. ನಿಮ್ಮ ಮಾತೇ ನಡೆಯಿತು.

ಭಾನುವಾರ ಧಾರವಾಡದಲ್ಲಿ 11 ಮಂದಿ ಸೇರಿದೆವು. ಮೊದಲು ಬಾಡಿಗೆ ಪೈಪೋಟಿಯ ಜಗಳವೇ. ಆಗ ಹಿರಿಯರೊಬ್ಬರು ತಮ್ಮ ಹೆಣ್ಣು ಕುದುರೆಯ ಮುಂಗಾಲನ್ನು ಎತ್ತಿ ತೋರಿಸಿದರು: ಗೊರಸು ಲಾಳದ ಅಂಚು ಮೀರಿ ಬೆಳೆದು ಸೀಳಿತ್ತು. ಎಲ್ಲರೂ ಸುಮ್ಮನಾದರು. 6–8 ವಾರಕ್ಕೊಮ್ಮೆ ಲಾಳ ಬದಲಿಸಬೇಕು. ಆ ಕುದುರೆಗೆ ಲಾಳ ಬದಲಿಸಿ ನಾಲ್ಕು ತಿಂಗಳಾಗಿತ್ತು.

ಇನ್ನು ಮುಂದೆ ಹಾವೇರಿ ಕಡೆಯ ಲಾಳದವರನ್ನು ಒಂದೇ ದಿನ ಕರೆಸಿ ಖರ್ಚು ಹಂಚಿಕೊಳ್ಳುತ್ತೇವೆ. ಧನುರ್ವಾಯು ಲಸಿಕೆಯೂ ಅಂದೇ. ಗ್ಲಾಂಡರ್ಸ್ ಎಂಬ ಕುದುರೆಗಳ ಸಾಂಕ್ರಾಮಿಕ ರೋಗದ ರಕ್ತಪರೀಕ್ಷೆಗೆ ಮಾತ್ರ ಇಬ್ಬರು ಒಪ್ಪಿಲ್ಲ. ಸೋಂಕು ದೃಢಪಟ್ಟರೆ ಕುದುರೆಯನ್ನು ಕೊಲ್ಲಬೇಕಾಗುತ್ತದೆಂಬ ಭಯ. ಆದರೆ ಅದು ಮನುಷ್ಯರಿಗೂ ತಗಲುವ ರೋಗ. ಅವರ ಮನೆಗೆ ನಾನೇ ಹೋಗುತ್ತೇನೆ.